ಎಲ್ಲದಕ್ಕೂ ಕೇತಿಶೆಟ್ಟಿ

ಕೇತಿಶೆಟ್ಟಿ ಪಟ್ಟಣಶೆಟ್ಟಿಯಾದ ಮೇಲೆ ತೊರೆಪೇಟೆಯಲ್ಲಿ ಹೊಸದಾಗಿ ಎದ್ದದ್ದು ಅವನ ಹೊಟ್ಟೆ ಒಂದೇ. ಪಟ್ಟಣಶೆಟ್ಟಿ ಎಂದರೆ ಊರಿನ ಯಜಮಾನ. ಕೆರೆ, ಸಂತೆ, ಕಣಜ, ಕೋಟೆಯ ಕಾವಲು ಎಲ್ಲ ಅವನದೇ ಉಸ್ತುವಾರಿ. ಕೇತಿಶೆಟ್ಟಿ ಮಾತ್ರ ಊಟದ ಎಲೆ ಬಿಟ್ಟು ಬೇರೇನನ್ನೂ ಕಣ್ಣೆತ್ತಿ ನೋಡಿದವನಲ್ಲ.

ಅಂಥವನಿಗೆ ಒಂದು ಆಸೆ ಹುಟ್ಟಿತು. ಈ ಪಟ್ಟ ತನ್ನ ಮಕ್ಕಳು ಮೊಮ್ಮಕ್ಕಳಿಗೂ ಉಳಿಯಬೇಕು. ಸೀಮೆಯನ್ನು ಆಳುತ್ತಿದ್ದ ರಂಗಪ್ಪನಾಯಕನ ಬಳಿ ಹೋಗಿ, "ಬುದ್ಧಿ, ತೊರೆಪೇಟೆ ಎಂದರೆ ನಾನು, ನಾನು ಎಂದರೆ ತೊರೆಪೇಟೆ" ಎಂದು ಕೊಚ್ಚಿಕೊಂಡ.

ನಾಯಕ ಪಟ್ಟಕ್ಕೆ ಬಂದು ಹೆಚ್ಚು ದಿನವಾಗಿರಲಿಲ್ಲ. "ನಾನೇ ಬರುತ್ತೇನೆ. ನಿಮ್ಮೂರ ಪಟ್ಟಣಶೆಟ್ಟಿಗಳ ಚರಿತ್ರೆಯನ್ನು ಊರವರ ಎದುರಿಗೇ ಕೇಳುತ್ತೇನೆ. ಆಮೇಲೆ ನೋಡೋಣ" ಎಂದ.

ಊರಿಗೆ ಬಂದ ಕೇತಿಶೆಟ್ಟಿ ಮೊದಲು ಕಲ್ಲುಕುಟಿಗರನ್ನು ಕರೆಸಿದ. ಕೆರೆಯ ತೂಬು, ಸಂತೆಯ ಮಂಟಪ, ಎಲ್ಲಿ ಹಳೆಯ ಹೆಸರಿತ್ತೋ ಅಲ್ಲೆಲ್ಲ ಕೆರೆಸಿ ತನ್ನ ಹೆಸರು ಕೆತ್ತಿಸಿದ. ಆಮೇಲೆ ಓಬಯ್ಯನಿಗೆ ಹೇಳಿಕಳಿಸಿದ.

ಓಬಯ್ಯ ನಾಯಕರ ಚಾವಡಿಯ ಹೊಗಳುಭಟ್ಟ. ತೊರೆಪೇಟೆಯವನೇ. ಯಾರ ವಂಶ ಎಲ್ಲಿಂದ ಬಂತು, ಯಾವ ಕೆಲಸ ಯಾರ ಕಾಲದಲ್ಲಿ ಆಯಿತು ಎಂದು ಬಾಯಲ್ಲೇ ಹೇಳುವುದು ಅವನ ತಾತನ ಕಾಲದಿಂದ ಬಂದ ಕಸುಬು.

"ನೋಡಯ್ಯ," ಕೇತಿಶೆಟ್ಟಿ ಎಲೆಯಡಿಕೆ ಜಗಿಯುತ್ತ ಹೇಳಿದ, "ಚರಿತ್ರೆ ಹೇಳುವಾಗ ನನ್ನ ಹೆಸರೊಂದೇ ಬರಬೇಕು. ಬೇರೆ ಯಾವ ಪಟ್ಟಣಶೆಟ್ಟಿಯ ಹೆಸರು ನಿನ್ನ ಬಾಯಿಂದ ಬಿದ್ದರೂ ನಿನ್ನ ಮನೆ ಕೆಡವಿಸಿ, ಮುದಿ ತಾಯಿಯ ಜೊತೆ ಗಡಿಯಾಚೆ ಅಟ್ಟಿಸುತ್ತೇನೆ."

ಕೇತಿಶೆಟ್ಟಿ ಹೇಳಿದ್ದನ್ನು ಮಾಡಿಯೇ ಬಿಡುವ ಆಸಾಮಿ; ಓಬಯ್ಯನಿಗೆ ಭಯವಾಯಿತು. ಆದರೆ ತೂಬಿನ ಕಲ್ಲಿನ ಮೇಲಿದ್ದ ಚೌಡವ್ವೆಯ ಹೆಸರನ್ನು ಉಳಿಯಿಂದ ಕೆರೆದದ್ದನ್ನು ಓಬಯ್ಯ ಆ ದಿನ ಬೆಳಿಗ್ಗೆಯಷ್ಟೇ ನೋಡಿದ್ದ. ಭಯಕ್ಕಿಂತ ಅಸಹ್ಯವೇ ಒಂದು ತೂಕ ಹೆಚ್ಚಾಯಿತು.

"ಆಗಲಿ ಯಜಮಾನರೇ. ಈ ಊರಲ್ಲಿ ಏನೇನು ನಡೆದಿದೆಯೋ ಎಲ್ಲದಕ್ಕೂ ತಮ್ಮ ಹೆಸರೇ?"

"ಎಲ್ಲದಕ್ಕೂ."

"ಒಂದನ್ನೂ ಬಿಡದ ಹಾಗೆ?"

"ಎಷ್ಟು ಸಲ ಹೇಳಬೇಕು ನಿನಗೆ? ಒಂದನ್ನೂ ಬಿಡಬೇಡ."

ನಾಯಕ ಬಂದ. ಸಂತೆಯ ಮಂಟಪದಲ್ಲಿ ಊರೆಲ್ಲ ಸೇರಿತು. ಓಬಯ್ಯ ಕೈಮುಗಿದು ದನಿ ಎತ್ತಿದ.

"ಕೆರೆ ತುಂಬಿದರೂ ಗದ್ದೆಗೆ ನೀರು ಬಾರದಿದ್ದ ಕಾಲದಲ್ಲಿ ಕೆರೆಗೆ ತೂಬು ಇಡಿಸಿದವರು ಯಾರು? ಪಟ್ಟಣಶೆಟ್ಟಿ ಕೇತಿಶೆಟ್ಟರು. ಅದಾದ ಮೇಲೆ ಈ ಮಂಟಪ ಕಟ್ಟಿಸಿದವರು? ಅವರೇ, ಕೇತಿಶೆಟ್ಟರು."

ಕೇತಿಶೆಟ್ಟಿ ಮೀಸೆ ತೀಡಿಕೊಂಡ. ಜನ ತಲೆ ತಗ್ಗಿಸಿದರು.

"ಮಂಟಪವಾದ ಮೇಲೆ ಬರ ಬಂತು. ಊರ ಕಣಜಕ್ಕೆ ಒಳಗಿನಿಂದ ಕನ್ನ ಹಾಕಿ ರಾಗಿಯನ್ನೆಲ್ಲ ಗಾಡಿಯಲ್ಲಿ ಸಾಗಿಸಿದವರು? ಪಟ್ಟಣಶೆಟ್ಟಿ ಕೇತಿಶೆಟ್ಟರು."

ಮೀಸೆಯ ಮೇಲಿದ್ದ ಕೈ ಅಲ್ಲೇ ನಿಂತಿತು. ಹಿಂದೆ ಕೂತಿದ್ದ ಹೆಂಗಸರಲ್ಲಿ ಯಾರೋ ಸೆರಗು ಬಾಯಿಗೆ ಒತ್ತಿಕೊಂಡರು.

"ಬರ ಕಳೆದ ಮೇಲೆ ಯುದ್ಧ. ಶತ್ರುಗಳಿಗೆ ಕೋಟೆಯ ಹಿಂಬಾಗಿಲು ತೆಗೆದುಕೊಟ್ಟು, ತಮ್ಮ ತಾತ, ಹಿರಿಯ ನಾಯಕರ ಬೆನ್ನಿಗೆ ಭರ್ಜಿ ಬೀಳುವ ಹಾಗೆ ಮಾಡಿ, ತಾನು ಹುಲ್ಲಿನ ಬಣವೆಯಲ್ಲಿ ಅಡಗಿದ್ದ ದ್ರೋಹಿ ಯಾರು, ಬುದ್ಧಿ? ಅದೂ ಪಟ್ಟಣಶೆಟ್ಟಿ..."

"ಬುದ್ಧಿ, ನಾನಲ್ಲ!" ಕೇತಿಶೆಟ್ಟಿ ದಡಬಡನೆ ಎದ್ದು ನಾಯಕನ ಕಾಲಿಗೆ ಬಿದ್ದ. "ಆಗ ನಾನು ಹುಟ್ಟಿಯೇ ಇರಲಿಲ್ಲ."

ನಾಯಕ ಕತ್ತಿಯ ಹಿಡಿಯ ಮೇಲೆ ಇಟ್ಟಿದ್ದ ಕೈಯನ್ನು ತೆಗೆಯಲಿಲ್ಲ. "ಯುದ್ಧ ನಡೆದದ್ದು ಮಂಟಪ ಕಟ್ಟಿದ ಮೇಲೆ. ಆಗ ನೀನು ಹುಟ್ಟಿರಲಿಲ್ಲ ಎಂದರೆ ಮಂಟಪ ಯಾರು ಕಟ್ಟಿಸಿದ್ದು?"

ಕೇತಿಶೆಟ್ಟಿ ನೆಲ ನೋಡಿದ. "ಬೇರೆ ಯಾರೋ, ಬುದ್ಧಿ."

"ತೂಬು?"

"ಅದೂ ಬೇರೆಯವರೇ."

"ಚೌಡವ್ವೆ ಇಡಿಸಿದ್ದು," ಹಿಂದಿನಿಂದ ಒಬ್ಬ ಮುದುಕಿ ಎದ್ದು ನಿಂತು ಹೇಳಿದಳು. "ತೂಬಿಗೆ ಕಲ್ಲು ಸಾಲದೆ ಹೋದಾಗ ತನ್ನ ಮನೆಯ ಜಗಲಿಯನ್ನೇ ಕೀಳಿಸಿದ ಪುಣ್ಯಾತ್ಗಿತ್ತಿ." ಇನ್ನೊಂದು ಮೂಲೆಯಿಂದ, "ಮಂಟಪ ಮಾಚಿಶೆಟ್ಟರದು" ಎಂಬ ದನಿ ಬಂತು. ಆವರೆಗೆ ತುಟಿ ಬಿಚ್ಚದಿದ್ದ ಜನ ಒಬ್ಬರ ಹಿಂದೆ ಒಬ್ಬರು ಹಳೆಯ ಹೆಸರುಗಳನ್ನು ಕೂಗಿ ಹೇಳತೊಡಗಿದರು. ಓಬಯ್ಯ ಮಾತ್ರ ಬಾಯಿ ಮುಚ್ಚಿಕೊಂಡು ನಿಂತಿದ್ದ.

ನಾಯಕ ಅವನ ಕಡೆ ತಿರುಗಿದ. "ಓಬಯ್ಯ, ಈ ಮನುಷ್ಯ ತಾನಾಗಿ ಮಾಡಿದ ಕೆಲಸ ಒಂದಾದರೂ ಇದೆಯೋ?"

"ಇಲ್ಲವೆಂದರೆ ಸುಳ್ಳಾಗುತ್ತದೆ, ಬುದ್ಧಿ. ಆ ಹೆಸರುಗಳನ್ನೆಲ್ಲ ಕೆರೆಸಿದ್ದು ಇವರೇ. ಅದರಲ್ಲಿ ಬೇರೆ ಯಾರಿಗೂ ಪಾಲಿಲ್ಲ."

ನಾಯಕ ಗಹಗಹಿಸಿ ನಕ್ಕ. ಊರೂ ನಕ್ಕಿತು. ಕೆರೆದ ಹೆಸರುಗಳನ್ನು ಕೇತಿಶೆಟ್ಟಿಯ ಖರ್ಚಿನಲ್ಲೇ ಮತ್ತೆ ಕೆತ್ತಿಸಬೇಕು, ಅವನು ಆ ದಿನವೇ ಪಟ್ಟದಿಂದ ಇಳಿಯಬೇಕು ಎಂದು ಅಪ್ಪಣೆಯಾಯಿತು. ಓಬಯ್ಯನಿಗೆ ನಾಯಕ ತನ್ನ ಶಾಲನ್ನೇ ತೆಗೆದು ಹೊದಿಸಿದ.

"ಇನ್ನು ಮೇಲೆ ನೀನೇ ಈ ಊರಿನ ಪಟ್ಟಣಶೆಟ್ಟಿಯಾಗು."

ಓಬಯ್ಯ ಶಾಲನ್ನು ಭದ್ರವಾಗಿ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

"ಶಾಲು ಸಾಕು, ಬುದ್ಧಿ. ಪಟ್ಟವೂ ನನ್ನದೇ, ಚರಿತ್ರೆ ಹೇಳುವ ಬಾಯಿಯೂ ನನ್ನದೇ ಆದರೆ, ನನಗಿಂತ ಕೇತಿಶೆಟ್ಟರೇ ವಾಸಿ ಅಂತ ಊರವರು ಅನ್ನುವ ಹಾಗೆ ಮಾಡಿಬಿಡುತ್ತೇನೆ."