ಬುಳುಕನನ್ನು ತಿದ್ದಲು ಹೊರಟ ಕಮಠಮ್ಮ

ಮಕ್ಕಳೇ, ಈ ಕತೆ ಹೇಳಲು ಕೂತಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬಂದರೆ ಬರಲಿ. ನೀವು ಕತೆ ಕೇಳಿ.

ಒಂದು ಕಾಡು. ಕಾಡಿನ ನಡುವೆ ಒಂದು ಹೊಳೆ. ಬೇಸಿಗೆ ಬಂತೆಂದರೆ ಆ ಹೊಳೆ ಬತ್ತಿ ಬರೀ ಕಲ್ಲು, ಮರಳು ಉಳಿಯುತ್ತಿತ್ತು. ಕರಿಬಂಡೆಯ ಬುಡದ ಮಡುವಿನಲ್ಲಿ ಮಾತ್ರ ಆಳವಾದ ನೀರು. ಮಳೆ ಬರುವ ತನಕ ಎಲ್ಲರೂ ಅದೊಂದೇ ಮಡುವಿನಲ್ಲಿ ಹೊಂದಿಕೊಂಡು ಬಾಳಬೇಕು. ಯಾರಾದರೂ ಮಡುವಿನ ನೆಮ್ಮದಿ ಕೆಡಿಸಿದರೆ ಉಳಿದವರು ಸೇರಿ ಅವರನ್ನು ಹೊರಗೆ ಹಾಕಬಹುದು. ಇದು ಅಲ್ಲಿನ ಬೇಸಿಗೆಯ ಕಟ್ಟಳೆ.

ಆ ಮಡುವಿನಲ್ಲಿ ಮೀನಕ್ಕ ಎಂಬ ನೀರುನಾಯಿ ಇದ್ದಳು. ಹೆಸರಿಗೆ ನಾಯಿ, ಆದರೆ ನಾಯಿಯಲ್ಲ. ನುಣುಪಾದ ಮೈ, ಚಪ್ಪಟೆ ಬಾಲ, ಮೀನು ಹಿಡಿಯುವುದರಲ್ಲಿ ಎತ್ತಿದ ಕೈ. ಅವಳಿಗೊಬ್ಬ ಪುಟ್ಟ ಮಗ, ಬುಳುಕ. ಆಗಷ್ಟೇ ಓಡಲು ಕಲಿತಿದ್ದ, ನಿಲ್ಲಲು ಇನ್ನೂ ಕಲಿತಿರಲಿಲ್ಲ.

ಬೆಳಗಾದರೆ ಮೀನಕ್ಕನ ಪಾಡು ಹೀಗೆ:

"ಅಮ್ಮಾ, ಮೀನು ಬೇಕು."

ಮೀನಕ್ಕ ಮುಳುಗಿ ಮೀನು ತಂದಳು.

"ತಲೆ ಬೇಡ. ಬಾಲ ಬೇಕು."

ಬಾಲ ಕಿತ್ತು ಕೊಟ್ಟಳು. ಬುಳುಕ ನೆಲಕ್ಕೆ ಬಿದ್ದು ಹೊರಳಾಡಿದ. "ಯಾಕೆ ಕಿತ್ತೆ? ಅಂಟಿಸು! ಮೀನಿಗೆ ಮತ್ತೆ ಅಂಟಿಸು!"

"ಕಿತ್ತಿದ್ದನ್ನ ಅಂಟಿಸೋಕಾಗಲ್ಲ ಕಂದಾ. ಬೇರೆ ಮೀನು ತರ್ತೀನಿ."

"ಬೇರೆ ಬೇಡ! ಇದೇ ಬೇಕು! ಅಂಟಿಸೂ..."

ನೀರಿಗೆ ಇಳಿ ಎಂದರೆ "ನೀರು ಬೇಡ" ಎಂದು ಬಂಡೆಯನ್ನು ತಬ್ಬಿಕೊಳ್ಳುತ್ತಿದ್ದ. ಹೇಗೋ ಇಳಿಸಿದರೆ, ಸಂಜೆಯಾದರೂ ಮೇಲೆ ಬರುತ್ತಿರಲಿಲ್ಲ. ಮಲಗು ಎಂದರೆ ಎದ್ದು ಕುಣಿಯುತ್ತಿದ್ದ. ಮೀನಕ್ಕ ಬೆನ್ನು ತಟ್ಟಿ ತಟ್ಟಿ, ಅಂತೂ ಇಂತೂ ಅವನ ಕಣ್ಣು ಮುಚ್ಚಿತು ಎನ್ನುವಾಗ ಬಕಣ್ಣನೆಂಬ ಕೊಕ್ಕರೆ ಕತ್ತು ಚಾಚಿ ಕೂಗುತ್ತಿದ್ದ: "ಏನಮ್ಮಾ, ಮಗು ಮಲಗಿತಾ?"

ಮಲಗಿದ್ದ ಮಗು ಎದ್ದು ಕೂರುತ್ತಿತ್ತು. ಹೇಳಿ ಮಕ್ಕಳೇ, ಇಂಥವರಿಗೆ ಏನೆನ್ನಬೇಕು?

ಕೂಗಿದ್ದು ಸಾಲದೆಂದು ಬುದ್ಧಿಮಾತು ಬೇರೆ. "ಮೌನ ಕಲಿಸಮ್ಮ. ನನ್ನನ್ನ ನೋಡು, ಒಂದೇ ಕಾಲ ಮೇಲೆ ಎಷ್ಟು ಹೊತ್ತು ನಿಲ್ತೀನಿ. ಹೆತ್ತವರಿಗೆ ಹೆಗ್ಗಣ ಮುದ್ದು, ನಿಜ. ಆದರೆ ಇಷ್ಟು ಮುದ್ದೂ ಒಳ್ಳೇದಲ್ಲ."

ಹೊಳೆ ಬತ್ತುವ ಮುಂಚೆ ಬುಳುಕನ ಅಪ್ಪ ಮೀನು ಅರಸಿ ದೂರ ಹೋದ. ಹೋಗುವ ದಿನ ಮಗನನ್ನು ಬೆನ್ನ ಮೇಲೆ ಕೂರಿಸಿಕೊಂಡು ಮಡುವನ್ನು ಒಂದು ಸುತ್ತು ಹಾಕಿದ. ದಡದವರೆಲ್ಲ ಉಬ್ಬಿ ಹೋದರು. "ಎಂಥಾ ಗಂಡಪ್ಪಾ! ಪುಣ್ಯ ಮಾಡಿದ್ದಾಳೆ ಮೀನಕ್ಕ!" ಎಂದರು. ಮೀನಕ್ಕ ದಿನವಿಡೀ ಅದೇ ಮಗುವನ್ನು ಹೊತ್ತು ತಿರುಗುವಾಗ, "ಕೆಳಗಿಳಿಸಮ್ಮ, ಎತ್ತಿ ಎತ್ತಿ ಹಾಳು ಮಾಡಿದ್ದೀಯ" ಎಂದವರೂ ಅವರೇ. ನನಗೆ ಸಿಟ್ಟು ಬರುವುದು ಸುಮ್ಮನೆ ಅಲ್ಲ.

ಎಲ್ಲರಿಗಿಂತ ದೊಡ್ಡ ಬಾಯಿ ಕಮಠಮ್ಮನದು. ಅವಳು ಮಡುವಿನ ಹಿರಿಯ ಆಮೆ. ಬೆನ್ನ ಚಿಪ್ಪಿನ ಮೇಲೆ ಪಾಚಿ ಬೆಳೆದಷ್ಟು ವಯಸ್ಸು. ಎಲ್ಲರೂ ಅವಳ ಮಾತಿಗೆ ತಲೆದೂಗುತ್ತಿದ್ದರು.

"ನಾನು ಹೆತ್ತ ಮಕ್ಕಳಿಗೆ ಲೆಕ್ಕವೇ ಇಲ್ಲ ಗೊತ್ತಾ?" ಎನ್ನುತ್ತಿದ್ದಳು ಕಮಠಮ್ಮ. "ಒಂದಾದರೂ ಹಟ ಮಾಡಿದ್ದು ಉಂಟಾ? ಒಂದಾದರೂ ಅತ್ತಿದ್ದು ನನ್ನ ಕಿವಿಗೆ ಬಿದ್ದಿದೆಯಾ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ? ನಿಮ್ಮ ಕಾಲದ ತಾಯಂದಿರಿಗೆ ಮಕ್ಕಳನ್ನ ಬೆಳೆಸೋಕೇ ಬರಲ್ಲ."

ಮೀನಕ್ಕ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದಳು. ಹಿರಿಯರಿಗೆ ಎದುರು ಮಾತಾಡಬಾರದಲ್ಲ!

ಒಂದು ದಿನ ಕಮಠಮ್ಮ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ತೂಕಡಿಸುತ್ತಿದ್ದಳು. ಬುಳುಕನಿಗೆ ಒಂದು ದುಂಡು ಕಲ್ಲು ಸಿಕ್ಕಿತ್ತು. ಅದನ್ನು ಎರಡು ಕೈಯಲ್ಲಿ ಹಿಡಿದು ಬಂದವನೇ ಕಮಠಮ್ಮನ ಬೆನ್ನೇರಿ ಕೂತ. ಚಿಪ್ಪಿನ ಮೇಲೆ ಕುಟ್ಟಿದ. ಟಕ್! ಒಳ್ಳೆಯ ಸದ್ದು ಬಂತು. ಟಕ್ ಟಕ್ ಟಕ್!

ಕಮಠಮ್ಮ ಬೆಚ್ಚಿ ಬಂಡೆಯಿಂದ ಜಾರಿ ನೀರಿಗೆ ಬಿದ್ದಳು. ನೀರು ಚಿಮ್ಮಿತು. ಬಕಣ್ಣ ಬೆಳಗಿನಿಂದ ಕಾದು ಕೂತಿದ್ದ ಮೀನು ಓಡಿಹೋಯಿತು. ಅವಳ ಜೊತೆಗೇ ನೀರಿಗೆ ಬಿದ್ದ ಬುಳುಕ ಚಪ್ಪಾಳೆ ತಟ್ಟಿ, "ಅಜ್ಜೀ, ಇನ್ನೊಂದ್ಸಲ!" ಎಂದ.

ಮಡುವಿನ ಸಭೆ ಸೇರಿತು.

"ಸಾಕಪ್ಪಾ ಸಾಕು!" ಎಂದಳು ಕಮಠಮ್ಮ. "ಮಗುವಿಗೆ ಶಿಸ್ತು ಕಲಿಸೋಕೆ ಬರದ ತಾಯಿಗೆ ಈ ಮಡುವಿನಲ್ಲಿ ಜಾಗ ಇಲ್ಲ. ತಾಯಿ ಮಗ ಇಬ್ಬರೂ ಹೊರಡಲಿ."

ಮೀನಕ್ಕ ಬುಳುಕನನ್ನು ಎತ್ತಿಕೊಂಡಳು. ಹೊರಡುವುದು ಎಲ್ಲಿಗೆ? ಹೊರಗೆ ಕಾದ ಕಲ್ಲು, ಒಣಗಿದ ಮರಳು. ನೀರಿಲ್ಲದೆ ನೀರುನಾಯಿಯ ಮರಿ ಮಳೆಯ ತನಕ ಬದುಕೀತೇ? ಅಲ್ಲಿಯವರೆಗೆ ನುಂಗಿದ್ದ ಮಾತೆಲ್ಲ ಅವಳ ಬಾಯಿಗೆ ಬಂತು.

"ಬುದ್ಧಿ ಹೇಳೋಕೆ ಎಲ್ಲರೂ ಇದ್ದೀರಿ! ನಾನು ಹಸಿದಿದ್ದೀನಾ, ನಿದ್ದೆ ಮಾಡಿದ್ದೀನಾ, ಒಬ್ಬರಾದರೂ ಕೇಳಿದಿರಾ? ಒಂದು ಗಳಿಗೆ ಮಗುವನ್ನ ಎತ್ತಿಕೊಂಡಿರಾ? ಕಮಠಮ್ಮನವರೇ, ನಿಮಗೆ ಅಷ್ಟು ಚೆನ್ನಾಗಿ ಬರುತ್ತಲ್ಲ, ನಾಳೆ ಬೆಳಗ್ಗೆ ನೀವೇ ನೋಡಿಕೊಳ್ಳಿ. ಆಮೇಲೆ ಹೊರಗೆ ಹಾಕಿ!"

"ಅದಕ್ಕೇನು, ಕೊಡು!" ಎಂದಳು ಕಮಠಮ್ಮ. "ಸೂರ್ಯ ನೆತ್ತಿಗೆ ಬರೋದರೊಳಗೆ ತಿದ್ದಿ ಕೊಡ್ತೀನಿ. ತಿದ್ದಿದರೆ ತಪ್ಪು ನಿಂದೇ ಅಂತಾಯ್ತು, ನೀನು ಹೊರಡಬೇಕು. ತಿದ್ದೋಕೆ ಆಗದಿದ್ದರೆ ಇಲ್ಲೇ ಇರು."

ಮರುದಿನ ಬೆಳಗ್ಗೆ ಮೀನಕ್ಕ ಬುಳುಕನನ್ನು ಮರಳದಿಣ್ಣೆಯ ಮೇಲೆ ಕಮಠಮ್ಮನಿಗೆ ಒಪ್ಪಿಸಿದಳು. ಮಗುವನ್ನು ಬಿಟ್ಟು ದೂರ ಹೋಗಲು ಮನಸ್ಸು ಬರಲಿಲ್ಲ. ಹತ್ತಿರದ ಪೊದೆಯ ಮರೆಯಲ್ಲಿ ಕೂತು ಕಣ್ಣಿಡೋಣ ಎಂದುಕೊಂಡಳು. ಕೂತಳು. ನೆರಳು ತಂಪಾಗಿತ್ತು. ಯಾರೂ ಬಾಲ ಎಳೆಯುತ್ತಿರಲಿಲ್ಲ. ಪಾಪ, ಎಷ್ಟು ದಿನದ ನಿದ್ದೆಯೋ ಏನೋ, ಕೂತಲ್ಲೇ ಮಲಗಿಬಿಟ್ಟಳು.

ಇತ್ತ ಕಮಠಮ್ಮ ಪಾಠ ಶುರು ಮಾಡಿದಳು. "ಬುಳುಕಾ, ಕೂತ್ಕೋ."

"ಯಾಕೆ?"

"ದೊಡ್ಡವರು ಹೇಳಿದಾಗ ಕೂತ್ಕೋಬೇಕು."

"ಯಾಕೆ?"

"ಯಾಕೆ ಅಂದರೆ... ಹಾಗೇ!"

"ಅಜ್ಜೀ, ನಿನ್ನ ಮನೆ ಯಾಕೆ ಬೆನ್ನ ಮೇಲಿದೆ? ಕೆಳಗಿಡು. ನಾನೂ ಒಳಗೆ ಬರ್ತೀನಿ."

ಕಮಠಮ್ಮನಿಗೆ ತಲೆ ಚಿಟ್ಟು ಹಿಡಿಯಿತು. ಯಾರ ಮಾತು ಹಿಡಿಸದಿದ್ದರೂ ಅವಳು ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡುಬಿಡುತ್ತಿದ್ದಳು. ಈಗಲೂ ಎಳೆದುಕೊಂಡಳು. ಬುಳುಕ ಬಗ್ಗಿ ನೋಡಿದ. ಅಜ್ಜಿ ಇಲ್ಲ! ಮಗು ಹೋಯಿತೇನೋ ಎಂದು ಅವಳು ಮೆಲ್ಲನೆ ತಲೆ ಹೊರಗೆ ಹಾಕಿದಳು. ಅಜ್ಜಿ ಬಂದಳು! ಬುಳುಕ ಕಿಲಕಿಲ ನಕ್ಕ. "ಮತ್ತೆ! ಮತ್ತೆ ಮಾಡು!"

ಅವಳು ಒಳಗೆ ಹೋದಷ್ಟೂ ಅವನಿಗೆ ಆಟ. ಹೊರಗೆ ಬಂದಷ್ಟೂ ಅವನಿಗೆ ನಗು. ಕೊನೆಗೆ ಅವಳು ಹೊರಗೆ ಬರುವುದನ್ನೇ ನಿಲ್ಲಿಸಿದಳು. ಬುಳುಕ ಚಿಪ್ಪಿನ ಬಾಯಿಗೆ ಒಂದು ಹಿಡಿ ಮರಳು ಸುರಿದು, "ಅಜ್ಜೀ, ಊಟ!" ಎಂದ.

"ಥೂ! ಥೂ!" ಎಂದು ಕೆಮ್ಮುತ್ತ ಹೊರಬಂದ ಕಮಠಮ್ಮನಿಗೆ ಸೂರ್ಯ ಇನ್ನೂ ಮರದ ತುದಿ ಕೂಡ ದಾಟಿಲ್ಲವೆಂದು ಕಂಡಿತು.

ಆಗ ಅವಳು ತನ್ನ ಪದ್ಧತಿಯನ್ನೇ ಹಿಡಿಯಲು ತೀರ್ಮಾನಿಸಿದಳು. ಆಮೆಗಳ ಪದ್ಧತಿ ನಿಮಗೆ ಗೊತ್ತಲ್ಲ? ಮರಳಲ್ಲಿ ಗುಂಡಿ ತೋಡುವುದು, ಮೊಟ್ಟೆ ಇಡುವುದು, ಮರಳು ಮುಚ್ಚುವುದು, ತಿರುಗಿ ನೋಡದೆ ನೀರಿಗೆ ಹೋಗುವುದು. ಕಮಠಮ್ಮನಿಗೆ ಗೊತ್ತಿದ್ದ ಮಕ್ಕಳ ಪಾಲನೆ ಇಷ್ಟೇ! ಮರಿಗಳು ಹೊರಬಂದಾಗ ಅವಳು ಒಮ್ಮೆಯೂ ಅಲ್ಲಿ ಇದ್ದವಳಲ್ಲ. ಅತ್ತರೆ ಕೇಳುವುದಾದರೂ ಎಲ್ಲಿಂದ? ಇಂಥವಳು ಮೀನಕ್ಕನಿಗೆ ಬುದ್ಧಿ ಹೇಳುತ್ತಿದ್ದಳು!

ಅವಳು ಹಿಂಗಾಲಿನಿಂದ ಗುಂಡಿ ತೋಡಿದಳು. ಬುಳುಕನನ್ನು ಅದರಲ್ಲಿ ಕೂರಿಸಿ ಸುತ್ತ ಮರಳು ತುಂಬಿದಳು. ಮೊಟ್ಟೆಗೆ ತಲೆ ಇರುವುದಿಲ್ಲ. ಹಾಗಾಗಿ ತಲೆಯನ್ನು ಏನು ಮಾಡಬೇಕೆಂದು ತಿಳಿಯದೆ ಹೊರಗೇ ಬಿಟ್ಟಳು. ನಮ್ಮ ಪುಣ್ಯ!

ನೀರಿನ ಕಡೆ ಹೊರಟವಳನ್ನು ಬಕಣ್ಣ ಕೇಳಿದ: "ಎಲ್ಲಿಗೆ ಹೊರಟಿರಿ ಕಮಠಮ್ಮ? ಮಗು?"

"ಬೆಳೆಸಿ ಆಯ್ತು" ಎಂದಳು ಕಮಠಮ್ಮ.

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎನ್ನುತ್ತಾರಲ್ಲ, ಇದೇ ಅದು.

ಆದರೆ ಇಟ್ಟಲ್ಲಿ ಇರಲು ಬುಳುಕನೇನು ಮೊಟ್ಟೆಯೇ? ಅವನು ಮೈ ಕೊಡವಿ ಹೊರಗೆ ಬಂದ. ಮರಳು ತೋಡುವುದು ಇಷ್ಟು ಚೆನ್ನಾಗಿರುತ್ತದೆಂದು ಅವನಿಗೆ ಆವತ್ತೇ ತಿಳಿದದ್ದು. ಅಲ್ಲಿ ತೋಡಿದ, ಇಲ್ಲಿ ತೋಡಿದ. ಒಂದು ಕಡೆ ಬೆಳ್ಳಗಿನ ಮೊಟ್ಟೆಗಳು ಕಂಡವು. ಒಂದನ್ನು ಎತ್ತಿಕೊಂಡು ಎರಡು ಕೈಯಲ್ಲೂ ಉರುಳಾಡಿಸಿದ. ಇನ್ನೊಂದನ್ನು ಮೂಗಿನಿಂದ ನೂಕಿದ.

"ಕಮಠಮ್ಮಾ!" ಕೂಗಿದ ಬಕಣ್ಣ. "ಅದು ನೀವು ಮೊನ್ನೆ ಇಟ್ಟ ಮೊಟ್ಟೆ ಅಲ್ಲವಾ?"

ಕಮಠಮ್ಮ ತಿರುಗಿ ನೋಡಿದಳು. ಹುಟ್ಟಿದಾರಭ್ಯ ಮೊದಲ ಸಲ ತಿರುಗಿ ನೋಡಿದ್ದು. ಬಿಸಿಲಿನಲ್ಲಿ ಅವಳ ಮೊಟ್ಟೆಗಳು ದಿಕ್ಕಿಗೊಂದಾಗಿ ಬಿದ್ದಿದ್ದವು.

"ಅಯ್ಯೋ, ನನ್ನ ಮಕ್ಕಳು!"

ಏದುಸಿರು ಬಿಡುತ್ತ ದಿಣ್ಣೆ ಹತ್ತಿದಳು. ಅವಳು ಒಂದು ಮೊಟ್ಟೆ ಮುಚ್ಚಿದರೆ ಬುಳುಕ ಇನ್ನೊಂದನ್ನು ತೆಗೆಯುತ್ತಿದ್ದ. "ಬೇಡ ಪುಟ್ಟಾ, ಬೇಡ ರಾಜಾ!" ಎಂದಳು. "ಚೆಂಡು ಬೇಕು!" ಎಂದ. ಮುಚ್ಚಿದಳು, ತೋಡಿದ. ಮತ್ತೆ ಮುಚ್ಚಿದಳು, ಮತ್ತೆ ತೋಡಿದ. ಕಮಠಮ್ಮನ ಕಾಲು ಸೋತವು, ಗಂಟಲು ಒಣಗಿತು.

ಮರಳು ಕೆದಕಿದ ವಾಸನೆ ಹಿಡಿದು ಪೊದೆಯಿಂದ ಒಂದು ಉಡ ಹೊರಬಂತು. ಸೀಳುನಾಲಗೆ ಚಾಚಿ ಮೊಟ್ಟೆಗಳನ್ನು ನೋಡಿತು, ಬುಳುಕನನ್ನೂ ನೋಡಿತು. ಆಮೇಲೆ ಕಮಠಮ್ಮನನ್ನು ಕಂಡು ಅದಕ್ಕೇ ಆಶ್ಚರ್ಯವಾಯಿತು.

"ಏನಮ್ಮಾ, ಈ ಸಲ ನೀವಿನ್ನೂ ಇಲ್ಲೇ ಇದ್ದೀರಿ?" ಎಂದಿತು. "ಪ್ರತಿ ವರ್ಷ ನೀವು ಬಿಟ್ಟು ಹೋದ ಮೇಲೆ ತಾನೆ ನಾನು ಊಟಕ್ಕೆ ಬರೋದು?"

ಹಟ ಮಾಡದ, ಅಳದ ತನ್ನ ಮಕ್ಕಳು ಎಲ್ಲಿ ಹೋದವೆಂದು ಕಮಠಮ್ಮನಿಗೆ ಈಗ ತಿಳಿಯಿತು. ಅವಳು ಮೊಟ್ಟೆಗಳಿಗೂ ಬುಳುಕನಿಗೂ ಉಡ ತಾಗದಂತೆ ಅಡ್ಡ ನಿಂತು, ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗಿದಳು:

"ಮೀನಕ್ಕಾ! ಬಾರೇ ತಾಯೀ!"

ಮೀನಕ್ಕ ಎಚ್ಚೆತ್ತಳು. ಬಂದದ್ದೇ ತಡ, ಉಡದ ಬಾಲಕ್ಕೆ ಬಾಯಿ ಹಾಕಿದಳು. ಉಡ ಬದುಕಿದರೆ ಸಾಕೆಂದು ಪೊದೆಗೆ ನುಗ್ಗಿತು. ಮೀನಕ್ಕ ಮಗನನ್ನು ಎಳೆದು ಎದೆಗೆ ಒತ್ತಿಕೊಂಡಳು. ಅವನ ಕಿವಿಯೊಳಗೆಲ್ಲ ಮರಳು. "ಅಜ್ಜಿ ನನ್ನ ಮರಳಲ್ಲಿ ಮುಚ್ಚಿಟ್ಟಳು!" ಎಂದ ಬುಳುಕ.

"ಮಗುವನ್ನ ಹೂತಿರಾ?" ಅವಳು ಕಮಠಮ್ಮನತ್ತ ತಿರುಗಿದಳು. "ಇಷ್ಟು ಚಿಕ್ಕ ಮಗುವನ್ನ ಮರಳಲ್ಲಿ ಹೂತು ಹೋದಿರಾ?"

ಕಮಠಮ್ಮ ಮೊಟ್ಟೆಗಳ ಮೇಲೆ ಮರಳು ಎಳೆಯತೊಡಗಿದಳು.

ಸುಮ್ಮನಿರಲಾರದ ಬಕಣ್ಣ ಬಂಡೆಯ ಮೇಲಿಂದ ಶುರು ಮಾಡಿದ. "ಅಲ್ಲಮ್ಮ ಮೀನಕ್ಕ, ಮಗುವನ್ನ ಬಿಟ್ಟು ನಿದ್ದೆ ಮಾಡೋದಾ? ತಾಯಿ ಅಂದಮೇಲೆ..."

"ಬಾಯಿ ಮುಚ್ಚೋ!" ಗುಡುಗಿದಳು ಕಮಠಮ್ಮ. "ಎಲ್ಲಾ ನೋಡ್ತಾ ನಿಂತಿದ್ದೆಯಲ್ಲ, ರೆಕ್ಕೆ ಅಲ್ಲಾಡಿಸಿದೆಯಾ? ಬಾ ಇಲ್ಲಿ. ಈ ಮಗುವನ್ನ ಸ್ವಲ್ಪ ಹಿಡ್ಕೋ."

ಮಗುವನ್ನು ಹಿಡಿದುಕೋ ಎಂದ ಕೂಡಲೇ ಬಕಣ್ಣ ಎರಡೂ ಕಾಲು ಎತ್ತಿ ಹಾರಿಹೋದ. ಸೂರ್ಯ ನೆತ್ತಿಗೆ ಬರಲು ಇನ್ನೂ ಬಹಳ ಹೊತ್ತಿತ್ತು.

"ನೀನು ಎಲ್ಲಿಗೂ ಹೋಗೋದು ಬೇಡ" ಎಂದಳು ಕಮಠಮ್ಮ, ತಲೆ ತಗ್ಗಿಸಿ. "ತಪ್ಪು ನಂದು. ಹಸಿದಿದ್ದೀಯ, ಹೋಗಿ ಮೀನು ತಿಂದು ಬಾ. ಮಗುವನ್ನ ನಾನು ನೋಡ್ತೀನಿ. ಇನ್ನು ಹೂಳಲ್ಲ."

"ಮಗು ನನ್ನ ಜೊತೆಗೇ ಇರಲಿ" ಎಂದಳು ಮೀನಕ್ಕ. ಅಷ್ಟು ಬೇಗ ನಂಬಲು ಅವಳಿಗೇನು ಹುಚ್ಚೇ?

ಆ ಬೇಸಿಗೆಯಲ್ಲಿ ಕಮಠಮ್ಮ ಮರಳದಿಣ್ಣೆ ಬಿಟ್ಟು ಕದಲಲಿಲ್ಲ. ಒಂದು ಮುಂಜಾನೆ ಮರಳು ಬಿರಿದು ಮರಿಗಳು ಹೊರಬಂದವು. ಬಂದವೇ ದಿಕ್ಕಾಪಾಲಾಗಿ ಓಡಿದವು. ಒಂದು ಕಲ್ಲು ಹತ್ತಿತು, ಒಂದು ಮುಳ್ಳಿಗೆ ಸಿಕ್ಕಿಕೊಂಡಿತು, ಒಂದು ನೇರ ಕಾಗೆಯ ಕಡೆಗೇ ಹೊರಟಿತು.

"ಏಯ್, ಆ ಕಡೆ ಬೇಡ! ನಿಲ್ಲೋ! ಅಯ್ಯೋ, ಇವು ಹೇಳಿದ ಮಾತೇ ಕೇಳಲ್ಲವಲ್ಲ ಮೀನಕ್ಕಾ!" ಕಮಠಮ್ಮ ಅಳುವುದೊಂದು ಬಾಕಿ.

ಮೀನಕ್ಕನ ಬಳಿ ಆಗ ಹೇಳುವುದಕ್ಕೆ ಮಾತು ಬೇಕಾದಷ್ಟಿತ್ತು. ಅವಳು ಒಂದನ್ನೂ ಹೇಳಲಿಲ್ಲ. ಓಡಿಹೋಗಿ, ಕಾಗೆಯ ಕಡೆ ಹೊರಟಿದ್ದ ಮರಿಯನ್ನು ಬಾಯಲ್ಲಿ ಮೆಲ್ಲಗೆ ಕಚ್ಚಿ ತಂದು ನೀರಿಗೆ ಬಿಟ್ಟಳು.

ನೀತಿ: ಮಗು ಸಾಕುವವರಿಗೆ ಬುದ್ಧಿ ಹೇಳಲು ಬಾಯಿ ತೆರೆಯುವ ಮುನ್ನ, ಆ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿ.