ಗಡಿಯ ಚಪ್ಪರ

“ದೇವರನ್ನು ನಂಬಿದವನು ರೋಗಕ್ಕೆ ಹೆದರಬಹುದೇ?” ಎಂದು ಶಿಷ್ಯ ಕೇಳಿದ.

ಪೇಟೆಯಲ್ಲಿ ಜ್ವರ ಎದ್ದಿತ್ತು. ಕೆಳಗಿನ ಓಣಿಯ ಒಂದು ಮನೆಗೆ ಮಠದಿಂದ ಶಿಷ್ಯನ ಕೈಯಲ್ಲಿ ಅನ್ನ ಕಳುಹಿಸಿದ್ದರು. ಅವನು ಓಣಿಯ ತಿರುವಿನವರೆಗೆ ಹೋಗಿ, ಹೆದರಿ, ಅನ್ನದ ಪಾತ್ರೆಯೊಂದಿಗೆ ಹಿಂದಿರುಗಿದ್ದ.

ಗುರುಗಳು ಬೈಯಲಿಲ್ಲ. “ಕೂತುಕೋ. ಒಂದು ಊರಿನಲ್ಲಿ ಅಮ್ಮ ಬಂದಳು,” ಎಂದು ಶುರುಮಾಡಿದರು.

ಆ ಕಾಲದಲ್ಲಿ ಸಿಡುಬನ್ನು ಯಾರೂ ಸಿಡುಬು ಎನ್ನುತ್ತಿರಲಿಲ್ಲ. ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಬಂದವಳನ್ನು ಸಾಗಹಾಕಲು ಒಂದು ಪದ್ಧತಿ ಇತ್ತು. ಹಸಿ ಮಣ್ಣಿನಲ್ಲಿ ಮಾರಿಯ ಮೂರ್ತಿ ಮಾಡುವುದು. ಬೇವಿನ ಸೊಪ್ಪು, ಹಸಿರು ಬಳೆ, ಮೊಸರನ್ನದ ಜೊತೆ ಬುಟ್ಟಿಯಲ್ಲಿ ಕೂರಿಸುವುದು. ಒಬ್ಬ ಅದನ್ನು ಹೊತ್ತು ಗಡಿಕಲ್ಲು ದಾಟಿಸಿ ಇಟ್ಟು ಬರುವುದು. ಪಕ್ಕದ ಊರಿನವರು ಅದನ್ನು ಹೊತ್ತು ತಮ್ಮ ಆಚೆಯ ಗಡಿ ದಾಟಿಸುವುದು. ಅವರ ಆಚೆಯವರು ಅವರ ಆಚೆಗೆ. ಕೊನೆಗೆ ಅವಳು ಎಲ್ಲಿಗೆ ಹೋಗುತ್ತಾಳೆ ಎಂದು ಯಾರೂ ಕೇಳುತ್ತಿರಲಿಲ್ಲ.

“ಅದು ತಪ್ಪಲ್ಲವೇ?” ಎಂದ ಶಿಷ್ಯ.

“ಕತೆ ಕೇಳು.”

ಬುಟ್ಟಿ ಹೊತ್ತವನಿಗೆ ಒಂದು ನಿಯಮವಿತ್ತು. ಅವನು ಹಿಂದಿರುಗಿ ನೋಡಬಾರದು. ಊರಿನವರಿಗೂ ಒಂದು ನಿಯಮವಿತ್ತು. ಅವನನ್ನು ಹೆಸರು ಹಿಡಿದು ಕರೆಯಬಾರದು. ಕರೆದರೆ ಅವನು ತಿರುಗುತ್ತಾನೆ. ಅವನು ತಿರುಗಿದರೆ ಮಾರಿಯೂ ತಿರುಗುತ್ತಾಳೆ. ತಿರುಗಿದ ಮಾರಿ ಊರಿಗೆ ವಾಪಸು ಬರುತ್ತಾಳೆ.

ಆ ವರ್ಷ ಬುಟ್ಟಿ ಹೊರಲು ಯಾರೂ ಮುಂದೆ ಬರಲಿಲ್ಲ. ಎಲ್ಲರೂ ನೆಲ ನೋಡಿದರು. ಆಗ ಒಬ್ಬ ಕಂಬಳಿ ನೇಯುವವನು ಎದ್ದು ನಿಂತ. ಹೆಸರು ದುರುಗಪ್ಪ. ಅವನ ಹೆಂಡತಿ ತುಂಬಿದ ಬಸುರಿ. ಹೆರಿಗೆಯ ಹೊತ್ತಿಗೆ ಅಮ್ಮ ಊರು ಬಿಟ್ಟಿರಲಿ ಎಂಬುದೊಂದೇ ಅವನ ಆಸೆ. ಮೂರು ದಿನದಿಂದ ಅವನ ಮೈ ಬೆಚ್ಚಗಿತ್ತು. ಬಿಸಿಲಿಗೆ ಇರಬೇಕು ಎಂದುಕೊಂಡ. ಯಾರಿಗೂ ಹೇಳಲಿಲ್ಲ.

ತಮಟೆ ಬಾರಿಸುತ್ತ ಊರು ಅವನ ಹಿಂದೆ ನಡೆಯಿತು. ಗಡಿಯ ಹತ್ತಿರ ಬಂದಾಗ ಜನ ನಿಂತರು. ಅವನೊಬ್ಬನೇ ಮುಂದೆ ಹೋದ. ಗಡಿಕಲ್ಲಿನ ಬಳಿ ಅವನ ಕಾಲು ತಡವರಿಸಿತು. ಬುಟ್ಟಿಯನ್ನು ಬೀಳಿಸಲಿಲ್ಲ. ಮೆಲ್ಲಗೆ ಗಡಿಯ ಬದುವಿನ ಮೇಲೆ ಇಳಿಸಿದ. ಆಮೇಲೆ ತಾನು ಬಿದ್ದ.

ಆಚೆಯ ಊರಿನವರು ಬುಟ್ಟಿ ಎತ್ತಿಕೊಳ್ಳಲು ಬಂದು ನಿಂತಿದ್ದರು. ಬಿದ್ದವನ ಮುಖ ನೋಡಿದರು. ಹಣೆಯ ಮೇಲೆ ಗುಳ್ಳೆ ಎದ್ದಿತ್ತು. ಅವರು ಹಿಂದೆ ಸರಿದರು.

“ಏಯ್, ನಿಮ್ಮವನನ್ನು ಎಳೆದುಕೊಳ್ಳಿ!” ಎಂದು ಆಚೆಯಿಂದ ಒಬ್ಬ ಕೂಗಿದ.

“ಮಾರಿಯ ಜೊತೆ ಹೊರಟವನು. ಕಳಿಸಿದ್ದನ್ನು ವಾಪಸು ತರುವ ಪದ್ಧತಿ ನಮ್ಮಲ್ಲಿಲ್ಲ,” ಎಂದು ಈಚೆಯಿಂದ ಒಬ್ಬ ಹೇಳಿದ.

“ಬುಟ್ಟಿ ಇಳಿಸಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಆಳು ಇಳಿಸಿಕೊಳ್ಳುವ ಪದ್ಧತಿ ನಮ್ಮಲ್ಲೂ ಇಲ್ಲ ಕಣಯ್ಯ.”

“ತಲೆ ನಿಮ್ಮ ಕಡೆ ಬಿದ್ದಿದೆಯಲ್ಲೋ!”

“ಕಾಲು ನಿಮ್ಮ ಕಡೆ ಇದೆ. ನಡೆದು ಬಂದದ್ದು ಕಾಲು. ಕಾಲಿದ್ದ ಕಡೆ ಆಳು.”

“ಉಣ್ಣುವುದು ಬಾಯಿ. ಬಾಯಿ ನಿಮ್ಮಲ್ಲಿದೆ. ಊಟ ಹಾಕಿ ಹಾಗಾದರೆ.”

ಯಾರೋ ನಕ್ಕರು. ನಕ್ಕವನು ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡ.

ಎರಡು ಕಡೆಯವರೂ ಭಕ್ತರೇ. ಆ ಅಮ್ಮನ ಗುಡಿಯ ಸುತ್ತ ಉರುಳಿದವರೇ. ಅವರು ಕೆಟ್ಟವರಾಗಿರಲಿಲ್ಲ. ಅವರ ಮನೆಗಳಲ್ಲಿ ಮಕ್ಕಳಿದ್ದರು.

ದುರುಗಪ್ಪನಿಗೆ ಎಲ್ಲ ಕೇಳಿಸುತ್ತಿತ್ತು. ಅವನು ಮೊಣಕೈ ಊರಿ ತೆವಳತೊಡಗಿದ. ತನ್ನ ಊರಿನ ಕಡೆಗಲ್ಲ, ಮುಂದಕ್ಕೆ. ಬುಟ್ಟಿಯ ಅಂಚು ಹಿಡಿದು ಅದನ್ನೂ ಎಳೆಯುತ್ತಿದ್ದ. ದಾಟಿಸಲೇಬೇಕು ಎಂದು ಅವನ ಮನಸ್ಸಿನಲ್ಲಿತ್ತು. ಆಚೆಯವರು ಕಲ್ಲು ಎತ್ತಿಕೊಂಡರು.

ಅಷ್ಟರಲ್ಲಿ ಅವನ ಹೆಂಡತಿ ಬಂದಳು. ಬಸುರಿ ಹೆಂಗಸು, ಮೆರವಣಿಗೆಯ ಜೊತೆ ನಡೆಯಲಾಗದೆ ಹಿಂದೆ ಉಳಿದಿದ್ದಳು. ಅಮ್ಮನ ಗುಡಿಯ ಪೂಜಾರಿ ಅವಳನ್ನು ತಡೆದ.

“ನೀನು ಇಲ್ಲಿ ನಿಲ್ಲಬಾರದು ತಂಗಿ. ಮನೆಗೆ ನಡಿ.”

“ಅವರು?”

“ಅವನು ಅಮ್ಮನ ಪಾಲು.”

“ಪಾಲು ಕೊಡಿ ಎಂದು ಅಮ್ಮ ಕೇಳಿದಳಾ? ನಿಮ್ಮ ಕಿವಿಗೆ ಬಿತ್ತಾ?”

ಅವಳು ಪೂಜಾರಿಯ ಭುಜದಾಚೆ ನೋಡಿದಳು. ಗಂಡ ತೆವಳುತ್ತಿದ್ದ. ಎದುರಿಗೆ ಕಲ್ಲು ಹಿಡಿದ ಜನ.

ಮದುವೆಯಾದ ಮೇಲೆ ಅವಳು ಗಂಡನ ಹೆಸರು ಹೇಳಿರಲಿಲ್ಲ. ಆ ಸೀಮೆಯಲ್ಲಿ ಯಾವ ಹೆಂಗಸೂ ಹೇಳುತ್ತಿರಲಿಲ್ಲ. ಯಾರಾದರೂ ಕೇಳಿದರೆ ‘ಕಂಬಳಿಯವರು’ ಎನ್ನುತ್ತಿದ್ದಳು. ಈಗ ಊರೆಲ್ಲ ಕೇಳುವಂತೆ ಕೂಗಿದಳು.

“ದುರುಗಪ್ಪಾ!”

ಅವನು ತಿರುಗಿದ.

ಕೈ ಬುಟ್ಟಿಯ ಅಂಚಿನಲ್ಲಿತ್ತು. ಬುಟ್ಟಿಯೂ ತಿರುಗಿತು. ಆದರೆ ಪೂರ್ತಿ ತಿರುಗಲಿಲ್ಲ. ಅಷ್ಟು ಬಲ ಅವನಲ್ಲಿರಲಿಲ್ಲ. ಅರ್ಧ ತಿರುಗಿ ನಿಂತಿತು. ಮಾರಿಯ ಮುಖ ಈ ಊರಿನ ಕಡೆಗೂ ಇರಲಿಲ್ಲ, ಆ ಊರಿನ ಕಡೆಗೂ ಇರಲಿಲ್ಲ. ಬದುವಿನ ಉದ್ದಕ್ಕೆ ನೋಡುತ್ತಿತ್ತು.

ತಮಟೆ ನಿಂತಿತು. ಎರಡು ಊರಿನ ಜನರೂ ಪೂಜಾರಿಯನ್ನು ನೋಡಿದರು. ಮಾರಿ ಮುಂದೆ ಹೋದರೆ ಏನು ಮಾಡಬೇಕು, ಅವನಿಗೆ ಗೊತ್ತಿತ್ತು. ಹಿಂದೆ ಬಂದರೆ ಏನು ಮಾಡಬೇಕು, ಅದೂ ಗೊತ್ತಿತ್ತು. ಅಡ್ಡ ನಿಂತ ಮಾರಿಯನ್ನು ಅವನೂ ಕಂಡಿರಲಿಲ್ಲ, ಅವನ ಅಪ್ಪನೂ ಕಂಡಿರಲಿಲ್ಲ.

ಆಚೆಯ ಊರಿನ ಒಬ್ಬ ರೈತ ಜನರನ್ನು ಸರಿಸಿಕೊಂಡು ಬಂದ. ಗಡಿಗೆ ತಾಗಿದ ಹೊಲ ಅವನದು. ಅವನ ಮುಖದ ತುಂಬ ಹಳೆಯ ಸಿಡುಬಿನ ಕುಳಿಗಳು.

“ಪೂಜಾರಪ್ಪಾ, ಅಮ್ಮ ಎತ್ತ ಕಡೆ ನೋಡುತ್ತಿದ್ದಾಳೆ?” ಎಂದು ಗಡಿಯಾಚೆಯಿಂದಲೇ ಕೇಳಿದ.

“ಬದುವಿನ ಕಡೆ.”

“ಅವಳಿಗೆ ಎತ್ತ ಹೋಗಬೇಕಂತೆ?”

ಪೂಜಾರಿ ಬಹಳ ಹೊತ್ತು ಮೂರ್ತಿಯನ್ನು ನೋಡಿದ. ಬಿದ್ದವನನ್ನು ನೋಡಿದ. ತನ್ನ ಪಕ್ಕದಲ್ಲಿ ಹೊಟ್ಟೆ ಹಿಡಿದು ನಿಂತವಳನ್ನು ನೋಡಿದ. ಹಣೆಯ ಬೆವರು ಒರೆಸಿಕೊಂಡ.

“ಎತ್ತಲೂ ಇಲ್ಲ,” ಎಂದ. “ನಿಂತಿದ್ದಾಳೆ. ನಿಂತವಳನ್ನು ನೂಕಬಾರದು. ನಿಂತಲ್ಲೇ ಚಪ್ಪರ ಹಾಕಬೇಕು.”

“ಅಮ್ಮನನ್ನು ತಂದವನು?”

“ಅಮ್ಮನ ಜೊತೆ ಬಂದವನು ಅಮ್ಮನ ಚಪ್ಪರದಲ್ಲಿ.”

ಹೀಗೆ ಶಾಸ್ತ್ರವಾಯಿತು. ಶಾಸ್ತ್ರವಾದ ಮೇಲೆ ಜನರಿಗೆ ಕೆಲಸ ಸಿಕ್ಕಿತು. ಕಲ್ಲು ಹಿಡಿದವರು ಕಲ್ಲು ಬಿಸಾಕಿ ಗಳ ತರಲು ಓಡಿದರು. ಈಚೆಯವರು ತೆಂಗಿನ ಗರಿ ತಂದರು. ಆದರೆ ಬಿದ್ದವನನ್ನು ಮುಟ್ಟಿ ಎತ್ತಬೇಕಾದಾಗ ಎಲ್ಲರೂ ನಿಂತರು. ರೈತ ಹೋಗಿ ಎತ್ತಿದ.

“ಹುಚ್ಚಾ, ಅಮ್ಮ ನಿನ್ನನ್ನೂ ನೋಡುತ್ತಾಳೆ!” ಎಂದು ಅವನ ಭಾವಮೈದುನ ಕೂಗಿದ.

“ಒಮ್ಮೆ ನೋಡಿ ಹೋಗಿದ್ದಾಳೆ ಕಣೋ. ಇನ್ನೊಮ್ಮೆ ನೋಡುವಂಥ ಮುಖವೇನೋ ಇದು?”

ಈ ಸಲ ಜನ ನಕ್ಕದ್ದಕ್ಕೆ ಯಾರೂ ಬೆಚ್ಚಲಿಲ್ಲ.

ಚಪ್ಪರ ಗಡಿಯ ಮೇಲೆ ನಿಂತಿತು. ಅರ್ಧ ಆ ಊರಿನಲ್ಲಿ, ಅರ್ಧ ಈ ಊರಿನಲ್ಲಿ. ಪೂಜಾರಿ ಅದರ ಸುತ್ತ ಸುಣ್ಣದ ಗೆರೆ ಎಳೆಸಿದ. ಗೆರೆಯೊಳಗೆ ಅಮ್ಮ ಇದ್ದಾಳೆ, ಅವಳು ಇನ್ನೂ ಮುಟ್ಟದವರು ಯಾರೂ ಕಾಲಿಡಬಾರದು ಎಂದ. ಒಳಗಿಟ್ಟ ಪಾತ್ರೆ ಹೊರಗೆ ಬರಬಾರದು ಎಂದ. ಗೆರೆಯ ಹೊರಗೆ ನೈವೇದ್ಯ ಇಟ್ಟು, ಕೈಮುಗಿದು, ಕೈಕಾಲು ತೊಳೆದು ಮನೆಗೆ ಹೋಗಬೇಕು ಎಂದ. ಒಂದು ಊರು ಗಂಜಿ ತಂದಿತು. ಇನ್ನೊಂದು ಊರು ಮಜ್ಜಿಗೆ, ಎಳನೀರು ತಂದಿತು. ಎಲ್ಲವೂ ಅಮ್ಮನ ಹೆಸರಿನಲ್ಲಿ. ಉಣ್ಣುತ್ತಿದ್ದವನು ದುರುಗಪ್ಪ. ಒಳಗೇ ಉಳಿದು ಉಣಿಸುತ್ತಿದ್ದವನು ರೈತ. ಇದು ಪೂಜಾರಿಗೂ ಗೊತ್ತಿತ್ತು, ಜನರಿಗೂ ಗೊತ್ತಿತ್ತು. ಯಾರೂ ಆಡಲಿಲ್ಲ.

ಎರಡು ಊರಿನಲ್ಲೂ ಇನ್ನೂ ಕೆಲವರಿಗೆ ಜ್ವರ ಬಂತು. ಮೊದಲಾಗಿದ್ದರೆ ಅಂಥವರನ್ನು ಒಳಮನೆಯಲ್ಲಿ ಬಚ್ಚಿಡುತ್ತಿದ್ದರು. ಗೊತ್ತಾದರೆ ಊರು ಹೊರಗೆ ಹಾಕುತ್ತದೆ ಎಂಬ ಭಯ. ಬಚ್ಚಿಟ್ಟವರಿಂದ ಮನೆಯವರಿಗೆಲ್ಲ ಬರುತ್ತಿತ್ತು. ಈಗ ಜ್ವರ ಬಂದವರು ತಾವೇ ಹೊರಟರು. “ಅಮ್ಮನ ಚಪ್ಪರಕ್ಕೆ ಹೋಗಿ ಬರುತ್ತೇನೆ” ಎಂದು ಮನೆಯಲ್ಲಿ ಹೇಳಿ ಹೊರಟರು. ಹೊರಗೆ ಹಾಕಿಸಿಕೊಂಡವನು ಹೋಗುವ ರೀತಿ ಬೇರೆ, ಅಮ್ಮನ ಬಳಿಗೆ ಹೋಗುವವನ ರೀತಿ ಬೇರೆ.

ರೈತನೊಬ್ಬನಿಂದಲೇ ಆಗುವ ಕೆಲಸ ಅದಲ್ಲ. ಅವನು ಗೆರೆಯ ಬಳಿ ಬಂದು ಕೂಗಿದ.

“ಪೂಜಾರಪ್ಪಾ, ಅಮ್ಮನಿಗೆ ಹಸಿವು ಹೆಚ್ಚಾಗಿದೆ. ದೊಡ್ಡ ಹಂಡೆಯಲ್ಲಿ ತರಲು ಹೇಳು. ನನ್ನಂಥ ಮುಖದವರು ಇದ್ದರೆ ಕಳಿಸು.”

ಮುಖದಲ್ಲಿ ಕುಳಿ ಇದ್ದವರನ್ನು ಮದುವೆ ಮನೆಯಲ್ಲಿ ಹಿಂದಿನ ಸಾಲಿಗೆ ಕೂರಿಸುತ್ತಿದ್ದ ಜನ ಅವರು. ಈಗ ಮನೆಮನೆಗೆ ಹೋಗಿ ಹುಡುಕಿದರು. ಆ ಊರಿನಿಂದ ಒಬ್ಬ ಮುದುಕಿ ಬಂದಳು. ಅದೇ ಮುಖದಿಂದಾಗಿ ಅವಳಿಗೆ ಮದುವೆಯಾಗಿರಲಿಲ್ಲ. ಈ ಊರಿನಿಂದ ಒಬ್ಬ ಗಾಣದವನು ಬಂದ. ಮುದುಕಿ ಒಳಗೆ ಬಂದವಳೇ ರೈತನನ್ನು ಬೈದಳು.

“ಏನೋ ಇದು, ಗಂಜಿಯೋ ಗೋಡೆಗೆ ಬಳಿಯುವ ಸುಣ್ಣವೋ? ಹೀಗೆ ಕುಡಿಸಿದರೆ ಅಮ್ಮ ಬಿಟ್ಟರೂ ನೀನು ಕೊಲ್ಲುತ್ತೀಯ. ಸರಿ ಆಚೆ.”

ದುರುಗಪ್ಪನ ಸ್ಥಿತಿ ಕೆಟ್ಟಿತು. ಮೈಯೆಲ್ಲ ಒಡೆಯಿತು. ಕಣ್ಣು ಮುಚ್ಚಿಹೋಯಿತು. ಗಂಟಲಲ್ಲಿ ನೀರೂ ಇಳಿಯಲಿಲ್ಲ. ಹೆಂಡತಿ ದಿನವೂ ಬಂದು ಗೆರೆಯಿಂದ ದೂರದ ಹುಣಸೆ ಮರದ ಕೆಳಗೆ ಕೂರುತ್ತಿದ್ದಳು. ಹತ್ತಿರ ಬರಕೂಡದು ಎಂದು ಮುದುಕಿ ಅಪ್ಪಣೆ ಮಾಡಿದ್ದಳು. ಹೆಂಡತಿ ಅಲ್ಲಿಂದಲೇ ಕೂಗುತ್ತಿದ್ದಳು.

“ದುರುಗಪ್ಪಾ!”

ಒಳಗಿನಿಂದ ಒಂದು ‘ಹೂಂ’ ಬರುತ್ತಿತ್ತು. ಬಂದ ಮೇಲೆ ಎದ್ದು ಹೋಗುತ್ತಿದ್ದಳು.

ಒಂದು ದಿನ ಕೂಗಿದಳು. ‘ಹೂಂ’ ಬರಲಿಲ್ಲ. ಮತ್ತೆ ಕೂಗಿದಳು. ಬರಲಿಲ್ಲ. ಅವಳು ಎದ್ದು ಗೆರೆಯ ಕಡೆಗೆ ನಡೆದಳು. ಪೂಜಾರಿ ಅಡ್ಡ ಬಂದ. ಅವಳು ಅವನನ್ನು ತಳ್ಳಿದಳು. ಮುದುಕಿ ಒಳಗಿನಿಂದ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಯಾಕೆ ಬಡಕೊಳ್ಳುತ್ತೀಯೇ? ಬಾಯಿ ತುಂಬ ಗಂಜಿ ಇದೆ. ನುಂಗಿ ಉತ್ತರ ಕೊಡುತ್ತಾನೆ ಇರು.”

ದುರುಗಪ್ಪನ ಹೆಂಡತಿ ಅಲ್ಲೇ ನೆಲದ ಮೇಲೆ ಕೂತಳು. ಕೂತವಳಿಗೆ ಹೆರಿಗೆಯ ನೋವು ಶುರುವಾಯಿತು. ಊರಿನ ಹೆಂಗಸರು ಅವಳನ್ನು ಎತ್ತಿಕೊಂಡು ಮನೆಗೆ ಓಡಿದರು.

ಚಪ್ಪರಕ್ಕೆ ಹೋದವರೆಲ್ಲ ಉಳಿಯಲಿಲ್ಲ. ಕೆಲವರು ಸತ್ತರು. ಸಾಯುವಾಗ ಅವರ ಬಾಯಿಗೆ ನೀರು ಬಿಡಲು ಪಕ್ಕದಲ್ಲಿ ಒಂದು ಕೈ ಇತ್ತು. ಹೆಚ್ಚಿನವರು ಎದ್ದು ನಡೆದರು. ಎದ್ದವರಲ್ಲಿ ಕೆಲವರು ಮನೆಗೆ ಹೋಗದೆ ಅಲ್ಲೇ ನಿಂತು ಉಳಿದವರಿಗೆ ಗಂಜಿ ಕುಡಿಸಿದರು. ಗೆರೆಯ ಹೊರಗೆ ರೋಗ ಹೆಚ್ಚು ಹರಡಲಿಲ್ಲ.

ಆಚೆಗಿದ್ದ ಮೂರನೆಯ ಊರಿನವರು ಕಾದರು. ಅವರಲ್ಲಿ ಬುಟ್ಟಿ ಹೊರುವವನನ್ನು ಗೊತ್ತುಮಾಡಿ ಆಗಿತ್ತು. ಮಾರಿ ಬರಲೇ ಇಲ್ಲ. ಅವರಿಗೆ ಕಸಿವಿಸಿಯಾಗಿ ಒಬ್ಬ ಹಿರಿಯನನ್ನು ಕಳಿಸಿದರು. ಅವನು ಬಂದು ಪೂಜಾರಿಗೆ ಕೈಮುಗಿದ.

“ಪ್ರತಿಸಲ ಕಳಿಸುತ್ತಿದ್ದಿರಿ. ಈ ಸಲ ಕಳಿಸಲಿಲ್ಲ. ನಾವೇನು ತಪ್ಪು ಮಾಡಿದೆವು ಯಜಮಾನರೇ?”

“ತಪ್ಪು ನಿಮ್ಮದಲ್ಲ,” ಎಂದ ಪೂಜಾರಿ. “ಇಲ್ಲಿ ಚೆನ್ನಾಗಿ ನೋಡಿಕೊಂಡುಬಿಟ್ಟೆವು. ಅವಳು ಮುಂದಕ್ಕೆ ಹೊರಡಲೇ ಇಲ್ಲ.”

ಹಿರಿಯ ಅರ್ಧ ಸಮಾಧಾನದಿಂದ ಹೋದ.

ಮುಂಗಾರು ಬಂತು. ಹಸಿ ಮಣ್ಣಿನ ಮೂರ್ತಿ ಕರಗಿ ಬದುವಿಗೆ ಸೇರಿತು. ಕೊನೆಯವನೂ ಬೇವಿನ ನೀರು ಹೊಯ್ದುಕೊಂಡು ಮನೆಗೆ ಹೋದ ಮೇಲೆ ಚಪ್ಪರಕ್ಕೆ ಬೆಂಕಿ ಕೊಟ್ಟರು. ದುರುಗಪ್ಪನಿಗೆ ಒಂದು ಕಣ್ಣು ಹೋಗಿತ್ತು. ಇನ್ನೊಂದು ಉಳಿದಿತ್ತು. ಅದರಲ್ಲಿ ಮಗಳನ್ನು ನೋಡಿದ.

ಗುರುಗಳು ನಿಲ್ಲಿಸಿದರು.



“ಅಂದರೆ, ಆ ಜನಕ್ಕೆ ನಂಬಿಕೆ ಗಟ್ಟಿಯಾಗಿತ್ತು. ಅದಕ್ಕೇ ಕೊನೆಗೆ ಅವರು ಹೆದರಲಿಲ್ಲ. ಅಲ್ಲವೇ?” ಎಂದ ಶಿಷ್ಯ.

“ಕೊನೆಯ ದಿನದವರೆಗೂ ಹೆದರಿದ್ದರು,” ಎಂದರು ಗುರುಗಳು. “ಹೆದರಿಕೊಂಡೇ ಗಂಜಿ ಕಾಯಿಸಿದರು.”

ಶಿಷ್ಯ ಎದ್ದು ಅನ್ನದ ಪಾತ್ರೆ ಎತ್ತಿಕೊಂಡ.