ಗಿಟಾರಮ್ಮನ ಮನೆಯ ಗಿರಣಿ

ಹೊಳೆಯ ಈ ದಡದಲ್ಲಿ ಒಬ್ಬ ಗುರು ಇದ್ದರು. ಕಾವಿ ಇಲ್ಲ, ಜಪಸರ ಇಲ್ಲ, ಗಡ್ಡವಂತೂ ಸಾಧ್ಯವೇ ಇಲ್ಲ. ಅವರು ಎಪ್ಪತ್ತು ದಾಟಿದ ಹೆಂಗಸು. ಹೆಸರು ಡೋರೀನ್. ಹುಟ್ಟಿದ್ದು ಚಿನ್ನದ ಗಣಿಯ ಊರಿನಲ್ಲಿ. ಮೊದಲು ಅಲ್ಲಿನ ಕ್ಲಬ್ಬುಗಳಲ್ಲಿ ಗಿಟಾರ್ ನುಡಿಸಿದರು, ಆಮೇಲೆ ಮೂವತ್ತು ವರ್ಷ ಹಡಗುಗಳಲ್ಲಿ. ಕೊಲಂಬೊದಿಂದ ಮೊಂಬಾಸಾದವರೆಗೆ ಕುಡಿದವರನ್ನೆಲ್ಲ ಕುಣಿಸಿ ಸಾಕಾಗಿ, ಕೊನೆಗೆ ಒಂದು ಕೋಣೆಯ ಹೆಂಚಿನ ಮನೆಯಲ್ಲಿ ಬಂದು ಕೂತಿದ್ದರು.

ಶಿಷ್ಯರು ಅವರನ್ನು ಮಿಸ್ ಎನ್ನುತ್ತಿದ್ದರು. ಊರಿನವರಿಗೆ ಅವರು ಗಿಟಾರಮ್ಮ.

ಒಂದು ಸೋಮವಾರ ಸಂಜೆ ಆ ಮನೆಯ ಬಾಗಿಲಿಗೆ ಪಂಕಜಾಕ್ಷಿ ಬಂದಳು. ನಲವತ್ತೊಂದು ವರ್ಷ, ತಾಲ್ಲೂಕು ಕೋರ್ಟಿನಲ್ಲಿ ಸ್ಟೆನೊ. ಹದಿನೆಂಟು ವರ್ಷದಿಂದ ಸಾಕ್ಷಿಗಳು, ವಕೀಲರು, ಜಡ್ಜ್ ಸಾಹೇಬರು ಆಡಿದ್ದನ್ನೆಲ್ಲ ಬರೆದುಕೊಂಡವಳು. ತಾನಾಗಿ ಆ ಕೋರ್ಟ್ ಹಾಲಿನಲ್ಲಿ ಒಂದು ಮಾತೂ ಆಡಿದವಳಲ್ಲ. ಬೆನ್ನ ಮೇಲೆ ಗಿಟಾರ್, ಕೈಯಲ್ಲಿ ನೋಟ್‌ಬುಕ್, ಮುಖದ ಮೇಲೆ ಎರಡು ಬಸ್ಸು ಬದಲಾಯಿಸಿದವರ ಸಿಟ್ಟು.

"ಮಿಸ್, ನನಗೆ ರಾಕ್ ಸದ್ದು ಬೇಕು. ಆ ಒಡೆದ ಸದ್ದು, ಡಿಸ್ಟಾರ್ಷನ್. ಭಾನುವಾರದೊಳಗೆ ಬೇಕು."

"ಭಾನುವಾರ ಏನಿದೆ?"

ಇದ್ದದ್ದು ಇಷ್ಟು. ಕೋರ್ಟಿನವರೇ ನಾಲ್ಕು ಜನ ಸೇರಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದರು. ಹಾಡುವವನು ಕಿರಿಯ ವಕೀಲ ತ್ರಿವಿಕ್ರಮ. ಡ್ರಮ್ಸ್ ಬಾರಿಸುವವನು ಹಗಲೆಲ್ಲ ಸಮನ್ಸ್ ಹಂಚುವ ಅಮೀನ. ಮೂರು ತಿಂಗಳಿಂದ ಪಂಕಜಾಕ್ಷಿ ಅವರ ಜತೆ ನುಡಿಸುತ್ತಿದ್ದಳು, ಮೂರು ತಿಂಗಳಿಂದ ಅವಳು ನುಡಿಸಿದ್ದು ಯಾರ ಕಿವಿಗೂ ಬಿದ್ದಿರಲಿಲ್ಲ. ಮನೆಯಲ್ಲಿ ಒಬ್ಬಳೇ ಹೊಡೆದರೆ ಆನೆ ಘೀಳಿಟ್ಟ ಹಾಗೆ. ಡ್ರಮ್ಸ್ ಶುರುವಾಯಿತೋ, ಸೊಳ್ಳೆ.

ಕಳೆದ ವಾರ ತ್ರಿವಿಕ್ರಮ ಬಹಳ ಮರ್ಯಾದೆಯಿಂದಲೇ ಹೇಳಿದ್ದ: "ಮೇಡಂ, ಬರೋ ಭಾನುವಾರದ ಪ್ರಾಕ್ಟೀಸಲ್ಲೂ ಹೀಗೇ ಆದರೆ ಬೇರೊಬ್ಬರನ್ನ ಕರೆಸ್ತೀವಿ. ಕಾರ್ಯಕ್ರಮದ ದಿನ ನೀವು ಮುಂದಿನ ಸಾಲಲ್ಲೇ ಕೂತ್ಕೊಳ್ಳಿ."

"ಮುಂದೆ ಕೂತು ಬೇರೆಯವರು ಹೇಳಿದ್ದನ್ನ ಕೇಳೋದು ನನ್ನ ನೌಕರಿ ಮಿಸ್," ಎಂದಳು ಪಂಕಜಾಕ್ಷಿ. "ಹಾಡಿನಲ್ಲೂ ಅದನ್ನೇ ಮಾಡ್ಲಾ?"

ಗುರು ಅವರೆಕಾಯಿಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ನುಡಿಸು."

ಪಂಕಜಾಕ್ಷಿ ನೋಟ್‌ಬುಕ್ ತೆರೆದು, ಮೂಲೆಯಲ್ಲಿದ್ದ ಆಂಪ್ ಪೆಟ್ಟಿಗೆಯ ತಿರುಪುಗಳನ್ನು ಒಂದೊಂದಾಗಿ ತಿರುಗಿಸಿದಳು. ಸದ್ದು ಒಡೆಸುವ ಗೇನ್ ಹತ್ತು. ಬಾಸ್ ಒಂಬತ್ತು. ನಡುದನಿಯ ಮಿಡ್ಲ್ ಸೊನ್ನೆ. ಟ್ರೆಬಲ್ ಒಂಬತ್ತು. ಇಂಟರ್ನೆಟ್ಟಿನಲ್ಲಿ ಯಾರೋ ಹೇಳಿದ್ದು, ಇವಳು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡಿದ್ದು. ಆಮೇಲೆ ಬ್ಯಾಂಡಿನ ಹಾಡು ಶುರುವಾಗುವ ನಾಲ್ಕು ಸಾಲಿನ ವರಸೆಯನ್ನು ನುಡಿಸಿದಳು. ಗೋಡೆಯ ಮೇಲಿನ ಏಸುವಿನ ಪಟ ಅಲುಗಿತು. ಅಂಗಳದ ಕೋಳಿಗಳು ಹೊಳೆಯ ಕಡೆಗೆ ಓಡಿದವು.

"ಹೇಗಿದೆ ಮಿಸ್?"

"ನನ್ನನ್ನ ಯಾಕೆ ಕೇಳ್ತೀಯ? ಆ ದಡದಲ್ಲಿ ಜವರಮ್ಮನ ಚಾ ಅಂಗಡಿ ಇದೆ. ತೆಪ್ಪ ಹತ್ತಿ ಹೋಗು. ನೀನು ನುಡಿಸಿದ್ದನ್ನ ಅವಳು ತಿರುಗಿ ಗುನುಗಿದರೆ, ನಿನಗೆ ಸದ್ದು ಸಿಕ್ಕಿತು ಅಂತ."

"ಅಷ್ಟೇನಾ?"

"ಅಷ್ಟೇ."

ಹೊಳೆ ಅಲ್ಲಿ ಅಗಲವಿಲ್ಲ, ಕೂಗಿದರೆ ಕೇಳುತ್ತದೆ. ಜವರಮ್ಮ ಚಾ ಸೋಸುತ್ತಿದ್ದಳು.

"ಅಮ್ಮ, ಈಗ ಆ ಕಡೆಯಿಂದ ಏನಾದರೂ ಕೇಳಿಸ್ತಾ?"

"ಕೇಳ್ದೆ ಏನವ್ವ! ಗಿಟಾರಮ್ಮ ಮನೇಲಿ ಗಿರಣಿ ಹಾಕ್ಸವ್ರಾ? ಹಂಗಿದ್ರೆ ನಂದೂ ಎರಡು ಸೇರು ರಾಗಿ ಅದೆ."

ಮಂಗಳವಾರ ಪಂಕಜಾಕ್ಷಿ ಇನ್ನೊಂದು ಪೆಟ್ಟಿಗೆ ತಂದಳು. ಕಾಲಲ್ಲಿ ಒತ್ತಿದರೆ ಸದ್ದು ಇನ್ನಷ್ಟು ಒಡೆಯುವಂಥದ್ದು. ಅಮೀನನ ಗೆಳೆಯನಿಂದ ಕಾಡಿ ಬೇಡಿ ತಂದದ್ದು. ಒತ್ತಿದಳು, ನುಡಿಸಿದಳು, ತೆಪ್ಪ ಹತ್ತಿದಳು.

"ಇವತ್ತು ಎರಡು ಗಿರಣಿ ಕನವ್ವ," ಎಂದಳು ಜವರಮ್ಮ.

ಬುಧವಾರ ಪಂಕಜಾಕ್ಷಿ ಬಂದವಳೇ ಗಿಟಾರನ್ನು ಚೀಲದಿಂದ ತೆಗೆಯಲಿಲ್ಲ. ಕೆಳಗೆ ಕೂತು, ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತೆರೆದು, ಪೆನ್ನಿನ ಮುಚ್ಚಳ ತೆಗೆದಳು.

"ಮಿಸ್, ನಂಬರ್ ಹೇಳಿ. ಗೇನ್ ಎಷ್ಟಕ್ಕಿಡಬೇಕು? ಒಂದು ನಂಬರ್. ನಾನು ಬರ್ಕೊಂಡು ಹೋಗ್ತೀನಿ, ನಿಮಗೂ ನೆಮ್ಮದಿ, ಕೋಳಿಗಳಿಗೂ ನೆಮ್ಮದಿ."

ಗುರು ಬಾಯಿ ತೆರೆದರು.

"ರುಚಿಗೆ ತಕ್ಕಷ್ಟು ಅಂತ ಮಾತ್ರ ಅನ್ನಬೇಡಿ! ಮದುವೆಯಾದ ಹೊಸದರಲ್ಲಿ ನಮ್ಮತ್ತೆ ಹತ್ರ ಒಂದು ವರ್ಷ ಅದನ್ನೇ ಕೇಳಿದ್ದೀನಿ."

"ಅನ್ನಲ್ಲ. ಇವತ್ತು ನೀನು ಮೊದಲೇ ಹೋಗಿ ಜವರಮ್ಮನ ಬೆಂಚಿನ ಮೇಲೆ ಕೂತ್ಕೋ. ನಾನು ನುಡಿಸ್ತೀನಿ. ನಿನ್ನ ಗಿಟಾರು, ನಿನ್ನ ನಂಬರು, ನಿನ್ನ ಹಾಡು."

ಪಂಕಜಾಕ್ಷಿ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ನೀರಿನ ಮೇಲಿಂದ ಬಂತು: ಗರ್ರ್ರ್. ಮೊದಲನೆಯ ಸಾಲು ಯಾವುದು, ಎರಡನೆಯದು ಯಾವುದು, ತಲೆಬುಡ ತಿಳಿಯಲಿಲ್ಲ. ಮೂವತ್ತು ವರ್ಷ ಹಡಗಿನಲ್ಲಿ ನುಡಿಸಿದ ಕೈ, ಅದೇ ಗಿರಣಿ.

"ಓ, ಶುರುವಾಯ್ತು," ಎಂದಳು ಜವರಮ್ಮ.

ಸದ್ದು ನಿಂತಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಅದೇ ವರಸೆ ಮತ್ತೆ ಬಂತು. ಒಡೆದದ್ದೇ, ಒರಟಾದದ್ದೇ, ಆದರೆ ಒಂದೊಂದು ಪೆಟ್ಟೂ ಬೇರೆ ಬೇರೆಯಾಗಿ ಹೊಳೆ ದಾಟಿ ಬಂದು ಬೆಂಚಿನ ಮೇಲೆ ಕೂತಿತು. ಜವರಮ್ಮನ ಕೈಯ ಸೋಸಣಿಗೆ ಅಲ್ಲೇ ನಿಂತಿತು. ಅವಳ ಕಾಲ ಹೆಬ್ಬೆರಳು ನೆಲ ಕುಟ್ಟಿತು. "ಢಂ ಢಢಂ ಢಂ," ಎಂದು ಗುನುಗಿದಳು.

ಪಂಕಜಾಕ್ಷಿ ಚಾ ಅರ್ಧಕ್ಕೆ ಬಿಟ್ಟು ತೆಪ್ಪಕ್ಕೆ ಓಡಿದಳು. ತಿರುಪುಗಳು ಎಲ್ಲಿವೆ ಎಂದು ನೋಡಿಬಿಟ್ಟರೆ ಮುಗಿಯಿತು. ತೆಪ್ಪದವನು ಗಿರ್ರನೆ ತಿರುಗಿಸಿ ತಿರುಗಿಸಿ ದಡ ಮುಟ್ಟಿಸುವಷ್ಟರಲ್ಲಿ ಅವಳು ಪೆನ್ನು ತೆರೆದು ಹಿಡಿದಿದ್ದಳು.

ಮನೆಯೊಳಗೆ ಎಲ್ಲ ತಿರುಪುಗಳೂ ಸೊನ್ನೆಯಲ್ಲಿದ್ದವು. ಗುರು ಕೈ ತೊಳೆಯುತ್ತಿದ್ದರು.

"ಮಿಸ್! ನಂಬರ್?"

"ಮರೆತೆ."

"ಹತ್ತು ನಿಮಿಷ ಆಗಿಲ್ಲ!"

"ವಯಸ್ಸಾಯ್ತಲ್ಲ."

ಪಂಕಜಾಕ್ಷಿ ಹಲ್ಲು ಕಚ್ಚಿದಳು. ಹದಿನೆಂಟು ವರ್ಷದಲ್ಲಿ ಎಂತೆಂಥ ಸಾಕ್ಷಿಗಳನ್ನು ನೋಡಿದ್ದಳು. ಇಷ್ಟು ತಣ್ಣಗೆ ಸುಳ್ಳು ಹೇಳಿದವರನ್ನು ನೋಡಿರಲಿಲ್ಲ.

ಆದರೂ ಒಂದು ಆಸೆ ಒಳಗೇ ಕುಟುಕುತ್ತಿತ್ತು. "ಮೊದಲನೇ ಸಲ ನೀವು ನುಡಿಸಿದ್ದು ಥೇಟ್ ನನ್ನದೇ ಥರ ಕೇಳಿಸ್ತು ಮಿಸ್. ಹಾಗಾದರೆ ನಾನೂ ನಿಮ್ಮ ಥರಾನೇ ನುಡಿಸ್ತೀನಿ ಅಂತ ಆಯ್ತಲ್ಲ?"

"ಆ ನಂಬರಲ್ಲಿ ಯಾರು ನುಡಿಸಿದರೂ ಹಾಗೇ ಕೇಳಿಸುತ್ತೆ," ಎಂದರು ಗುರು. "ಕೋಳಿ ಹತ್ತಿ ಓಡಾಡಿದರೂ."

ಗುರುವಾರ ಗುರು ಅವಳ ನೋಟ್‌ಬುಕ್ ಇಸಿದುಕೊಂಡು ನೀರಿನ ಬಿಂದಿಗೆಯ ಮೇಲೆ ಮುಚ್ಚಿ, ಅದರ ಮೇಲೊಂದು ಕಲ್ಲಿಟ್ಟರು.

"ಅದು ಕೋರ್ಟಿಂದು ಮಿಸ್!"

"ಅಳತೆಗೆ ಸರಿಯಾಗಿದೆ. ಕೂತ್ಕೋ. ಸೊನ್ನೆಯಿಂದ ಶುರು ಮಾಡು. ಗೇನ್ ಚೂರು ಚೂರೇ ಏರಿಸು. ತಂತಿನ ಮೆಲ್ಲಗೆ ಮುಟ್ಟಿದರೆ ತಿಳಿಯಾಗಿರಬೇಕು. ಜೋರಾಗಿ ಹೊಡೆದರೆ ಒಡೀಬೇಕು. ಎರಡೂ ಒಂದೇ ಥರ ಕೇಳಿದರೆ ದಾರಿ ದಾಟಿ ಹೋದೆ ಅಂತ, ಹಿಂದಕ್ಕೆ ಬಾ. ಆ ಮಿಡ್ಲ್ ಸೊನ್ನೆಯಲ್ಲಿ ಕೂರಿಸಿದ್ದೀಯಲ್ಲ, ಅದನ್ನೂ ಎಬ್ಬಿಸು. ಹೊಳೆ ದಾಟೋದು ಅದೇ."

ಪಂಕಜಾಕ್ಷಿ ಏರಿಸಿದಳು, ಇಳಿಸಿದಳು, ಕಿವಿಗೊಟ್ಟಳು. ಒಂದು ಕಡೆ ತಂತಿ ಕರಕರ ಎಂದು ಒಡೆದು, ಕೈ ಹಗುರ ಮಾಡಿದೊಡನೆ ತಿಳಿಯಾಯಿತು. ಅವಳ ಕಣ್ಣು ಅರಳಿತು. ವರಸೆ ನುಡಿಸತೊಡಗಿದಳು.

ಆಗ ಶುರುವಾಯಿತು ಗ್ರಹಚಾರ. ಮುಟ್ಟಬಾರದ ತಂತಿಯೊಂದು ಕಿಣಿಕ್ ಎಂದಿತು. ಉಂಗುರದ ಬೆರಳು ಅರ್ಧ ಒತ್ತಿ ಅರ್ಧ ಬಿಟ್ಟಿತ್ತು. ಮೂರನೆಯ ಸಾಲಿನ ನಡುವೆ ಕೈ ಜಾಗ ಬದಲಾಯಿಸುವಾಗ ತಡವಾಯಿತು. ಆ ತಡ ಇಡೀ ಕೋಣೆಗೆ ಕೇಳಿಸಿತು. ಮೂರು ತಿಂಗಳಿಂದ ಇವೆಲ್ಲ ಹೀಗೇ ಇದ್ದವೇ?

ಅವಳ ಕೈ ತಾನಾಗಿ ಹೋಗಿ ಗೇನ್ ಏರಿಸಿತು. ಎಲ್ಲ ತಪ್ಪುಗಳೂ ಗರ್ರ್ ಎಂಬ ಕಂಬಳಿಯಡಿ ಮಲಗಿದವು.

ಗುರು ಎದ್ದು ಬಂದು ಇಳಿಸಿದರು.

ಅವಳು ಏರಿಸಿದಳು. ಅವರು ಇಳಿಸಿದರು. ಗುರುವಾರ ಸಂಜೆಯೆಲ್ಲ ಇದೇ ಆಯಿತು, ಶುಕ್ರವಾರ ಸಂಜೆಯೂ.

"ಮಿಸ್, ಹೀಗಿಟ್ಟರೆ ನನ್ನ ಕೈ ಎಷ್ಟು ಹಸಿ ಅಂತ ಎಲ್ಲರಿಗೂ ಗೊತ್ತಾಗುತ್ತೆ!"

"ಹ್ಞೂಂ."

"ಬರೀ ಹ್ಞೂಂ?"

"ಮೂರನೇ ಸಾಲು, ಇನ್ನೊಂದು ಸಲ."

ಶನಿವಾರ ಅವಳು ಗೇನ್ ಕಡೆಗೆ ಕೈ ಚಾಚದೆ ನಾಲ್ಕೂ ಸಾಲು ನುಡಿಸಿ, ತೆಪ್ಪ ಹತ್ತಿದಳು. ಜವರಮ್ಮ ಅವಳನ್ನು ಕಂಡವಳೇ ಲೋಟ ಬದಿಗಿಟ್ಟು ಗುನುಗತೊಡಗಿದಳು. ಒಂದನೇ ಸಾಲು ಬಂತು. ಎರಡನೇ ಸಾಲು ಬಂತು. ಮೂರನೇ ಸಾಲಿನ ನಡುವೆ ಜವರಮ್ಮ ಒಂದು ಸಲ ತಡವರಿಸಿ, ಮುಗ್ಗರಿಸಿ, ಮತ್ತೆ ಮುಂದೆ ಹೋದಳು.

"ಅಲ್ಲಿ ಒಂದ್ಸಲ ಎಡವ್ಬೇಕು ಅಲ್ವಾ?" ಎಂದಳು. "ನಾನು ಸರ್ಯಾಗಿ ಹಿಡ್ಕಂಡಿದೀನಿ ತಾನೆ?"

ಪಂಕಜಾಕ್ಷಿ ಚಾ ಕುಡಿಯದೆ ವಾಪಸು ಬಂದಳು. ಬಿಂದಿಗೆಯ ಮೇಲಿನ ನೋಟ್‌ಬುಕ್ ತೆಗೆದುಕೊಂಡು, ಗುರುವಿನ ಮುಖ ಕೂಡ ನೋಡದೆ ಬಸ್ಸಿಗೆ ಹೋದಳು.

ಭಾನುವಾರ ಕಳೆಯಿತು.

ಸೋಮವಾರ ಸಂಜೆ ಅವಳು ಮತ್ತೆ ಬಂದಳು. ಗಿಟಾರನ್ನು ಗೋಡೆಗೆ ಒರಗಿಸಿ, ಧಪ್ಪನೆ ಕೂತಳು.

"ಮಾನ ಹೋಯ್ತು ಮಿಸ್."

"ಗೇನ್ ಏರಿಸಿದ್ಯಾ?"

"ಏರಿಸೋಣ ಅಂತ ಕೈ ಹೋಯ್ತು. ತ್ರಿವಿಕ್ರಮ ಹೇಳಿದ ಆ ಮುಂದಿನ ಸಾಲಿನ ಕುರ್ಚಿ ನೆನಪಾಯ್ತು. ಬಿಟ್ಟೆ."

"ಕೇಳಿಸ್ತಾ ಅವರಿಗೆ?"

"ಕೇಳಿಸದೆ! ಮೂರನೇ ಸಾಲಿಗೆ ಬರ್ತಿದ್ದ ಹಾಗೇ ಅಮೀನ ಬಾರಿಸೋದು ನಿಲ್ಲಿಸಿ ತಿರುಗಿ ನನ್ನನ್ನೇ ನೋಡಿದ. ತ್ರಿವಿಕ್ರಮ, 'ಮೇಡಂ, ಅಲ್ಲಿ ನಿಮ್ಮ ಬೆರಳು ತಡವಾಯ್ತು' ಅಂದ. ಎಲ್ಲರ ಎದುರಿಗೆ!"

"ಆ ಬೇರೊಬ್ಬರನ್ನ ಕರೆಸ್ತಾರಂತಾ?"

"ಇಲ್ಲ." ಅವಳು ಒಂದು ಅವರೆಕಾಯಿ ಎತ್ತಿಕೊಂಡು ಸಿಟ್ಟಿನಿಂದ ಸುಲಿದಳು. "ಬುಧವಾರ ಬೇಗ ಬನ್ನಿ, ಆ ಸಾಲನ್ನ ಎಲ್ಲರೂ ಕೂತು ಸರಿ ಮಾಡೋಣ ಅಂದರು."

ಗುರುವಿನ ತುಟಿ ಓರೆಯಾಯಿತು. ಕಾಳುಗಳು ತಟ್ಟೆಗೆ ಬೀಳುತ್ತಿದ್ದವು.

"ನಗಬೇಡಿ ಮಿಸ್. ಮೂರು ತಿಂಗಳು ಅದೇ ಹಾಡು, ಅದೇ ಜನ. ನಾನು ಒಂದೇ ಒಂದು ದಿನ ಎಡವಿದೆ ಅಂತ ಯಾರೂ ಅಂದಿರಲಿಲ್ಲ!"

"ಗಿರಣಿ ಎಲ್ಲಾದರೂ ಎಡವುತ್ತಾ, ಪಂಕಜ?" ಎಂದರು ಗುರು.